ಮೊದ್ಲು ತಕ್ಕಡಿ, ಆಮೇಲೆ ಬ್ಯಾಗಿನ ಅಂಗಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇದ್ವು, ಕ್ಯಾಮರಾ ಹೊತ್ಕೊಂಡು ವಿಮಾನ ಹತ್ತೋದು. ಅದಕ್ಕೆ ಉಳಿದ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಎತ್ತಿಟ್ಟು ಇವಕ್ಕೆ ಮಾತ್ರ ಉತ್ತರ ಬರೀತಿದೀನಿ. ನಮ್ಮ ಕೊಡಗು ಜಿಲ್ಲೇಲಿ ಏರ್‌ಪೋರ್ಟೂ ಇಲ್ಲ, ರೈಲೂ ಇಲ್ಲ, ವಿಮಾನ ಹಿಡೀಬೇಕಂದ್ರೆ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗ್ಬೇಕು, ಇಲ್ಲಾ ಸಂಪಾಜೆ ಇಳಿದು ಮಂಗಳೂರಿಗೆ, ಇಲ್ಲಾ ಮೈಸೂರು ಬೆಂಗಳೂರು ಕಡೆ. ಅಂದ್ರೆ ನಮ್ಮ ಬ್ಯಾಗು ವಿಮಾನಕ್ಕಿಂತ ಮೊದ್ಲು ಘಾಟಿ ರಸ್ತೆ, ಮಳೆ, ಬಸ್ಸಿನ ಕುಲುಕಾಟ ಎಲ್ಲ ನೋಡಿರುತ್ತೆ. ಇದನ್ನ ಮನಸ್ಸಲ್ಲಿ ಇಟ್ಕೊಂಡೇ ಓದಿ.

ಪ್ರಶ್ನೆ: ಸಾರ್, ನಾನು ಗೋಣಿಕೊಪ್ಪದ ಹತ್ರ ಕಾಫಿ ಬೆಳೆಗಾರ. ರೋಬಸ್ಟಾ ಕೊಯ್ಲು ಮುಗಿಸ್ಕೊಂಡು ಮಾರ್ಚ್‌ನಲ್ಲಿ ಕಾಜಿರಂಗಕ್ಕೆ ಹೊರಟಿದೀವಿ, ಬೆಂಗಳೂರಿಂದ ವಿಮಾನ. ನನ್ನ ಹತ್ರ ನಿಕಾನ್ ಡಿ7500 ಕ್ಯಾಮರಾ, 200-500 ಲೆನ್ಸ್, 18-140 ಲೆನ್ಸ್, ಬೈನಾಕ್ಯುಲರ್, ಲ್ಯಾಪ್‌ಟಾಪ್, ಟ್ರೈಪಾಡ್ ಇದೆ. ಅಂಗಡಿಯವ್ರು ಚಕ್ರದ ಕ್ಯಾಮರಾ ಟ್ರಾಲಿ ತಗೊಳ್ಳಿ ಅಂತಾರೆ, ನನ್ನ ತಮ್ಮ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ತಗೋ, ಅದನ್ನೇ ಕೈಲಿ ಹಿಡ್ಕೊಂಡು ಹತ್ತು ಅಂತಾನೆ. ಯಾವ್ದು ತಗೊಳ್ಳಲಿ?

ಉತ್ತರ: ಎರಡೂ ಬೇಡ. ಯಾಕೆ ಅಂತ ಹೇಳ್ತೀನಿ, ಆದ್ರೆ ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ, ಪರಿಚಯದ ದಿನಸಿ ಅಂಗಡಿಗೆ ಹೋಗಿ ಅಲ್ಲಿನ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ನಿಮ್ಮ ಸಾಮಾನು ಒಂದೊಂದೇ ಇಟ್ಟು ತೂಗಿ ಚೀಟಿಲಿ ಬರ್ಕೊಳ್ಳಿ. ಕಾಫಿ ಹಣ್ಣಿನ ಚೀಲ ತೂಗೋ ನಿಮ್ಗೆ ತೂಕದ ಬೆಲೆ ಬೇರೆಯವ್ರು ಹೇಳ್ಬೇಕಾಗಿಲ್ಲ. ಕಂಪನಿ ಕೊಟ್ಟ ಲೆಕ್ಕದಲ್ಲೇ ನೋಡಿದ್ರೆ ಡಿ7500 ಬ್ಯಾಟರಿ ಕಾರ್ಡು ಸೇರಿ 720 ಗ್ರಾಂ, 200-500 ಲೆನ್ಸು ಅದರ ಕಾಲರ್ (ಟ್ರೈಪಾಡಿಗೆ ಕೂರಿಸೋ ಬಳೆ) ಸೇರಿ 2300 ಗ್ರಾಂ, 18-140 ಲೆನ್ಸು 490 ಗ್ರಾಂ, ಇಷ್ಟಕ್ಕೇ ಮೂರೂವರೆ ಕೆಜಿ ಆಯ್ತು. ಚಾರ್ಜರು, ಎರಡು ಬ್ಯಾಟರಿ, ಕಾರ್ಡು, ಒರೆಸೋ ಬಟ್ಟೆ, ಗಾಳಿ ಊದೋ ಬಲ್ಬು ಎಲ್ಲ ಸೇರಿ ಇನ್ನೊಂದು 400 ಗ್ರಾಂ ಇಟ್ಕೊಳ್ಳಿ. ಬೈನಾಕ್ಯುಲರ್ ಸುಮಾರು 700 ಗ್ರಾಂ, ಲ್ಯಾಪ್‌ಟಾಪು ಅದರ ಚಾರ್ಜರ್ ಜೊತೆ 1800 ಗ್ರಾಂ. ಒಟ್ಟು 6.4 ಕೆಜಿ. ದೇಶದೊಳಗಿನ ವಿಮಾನದಲ್ಲಿ ಎಕಾನಮಿ ಟಿಕೆಟ್‌ಗೆ ಕೈಚೀಲಕ್ಕೆ ಬಿಡೋದು ಸಾಮಾನ್ಯವಾಗಿ 7 ಕೆಜಿ. ಅಂದ್ರೆ ನಿಮ್ಮ ಬ್ಯಾಗಿಗೆ ಉಳಿದಿದ್ದು 600 ಗ್ರಾಂ, ಅಷ್ಟು ತೂಕಕ್ಕೆ ಸ್ಕೂಲ್ ಮಕ್ಕಳ ಬ್ಯಾಗು ಸಿಗುತ್ತೆ, ಕ್ಯಾಮರಾ ಬ್ಯಾಗು ಸಿಗಲ್ಲ.

ಈಗ ನಿಮ್ಮ ತಮ್ಮ ಹೇಳಿದ ಪೆಟ್ಟಿಗೆ ತಗೊಳ್ಳಿ. ಗಟ್ಟಿ ಪೆಟ್ಟಿಗೆಗಳಲ್ಲಿ ಪೆಲಿಕನ್ 1510 ತುಂಬ ಹೆಸರುವಾಸಿ, ವಿಮಾನದ ಅಳತೆಗೆ ಅಂತಾನೇ ಮಾಡಿರೋದು, ನೀರು ಹೋಗಲ್ಲ, ಬಿದ್ರೂ ಒಡೆಯಲ್ಲ, ಆದ್ರೆ ಒಳಗಿನ ಫೋಮ್ ಬಿಟ್ಟು ಖಾಲಿ ಪೆಟ್ಟಿಗೇನೇ ಐದೂಕಾಲು ಕೆಜಿ ದಾಟುತ್ತೆ. ಅದನ್ನ ಕೈಲಿ ಹಿಡ್ಕೊಂಡ್ರೆ ನಿಮ್ಮ ದೊಡ್ಡ ಲೆನ್ಸ್ ಒಂದನ್ನ ಹಾಕೋ ಅಷ್ಟೊತ್ತಿಗೆ 7 ಕೆಜಿ ಮುಗೀತು. ಚಕ್ರದ ಟ್ರಾಲಿಗಳೂ ಅಷ್ಟೆ, ಖಾಲಿ ಇದ್ದಾಗಲೇ ಮೂರು ಕೆಜಿ ಆಚೀಚೆ ಬರ್ತಾವೆ, ಮೇಲಾಗಿ ಎಳೆಯೋ ಹಿಡಿಕೆಯ ರಾಡುಗಳು ಬ್ಯಾಗಿನ ಬೆನ್ನೊಳಗೆ ಹೋಗೋದ್ರಿಂದ ಒಳಗಿನ ಆಳ ಕಮ್ಮಿ ಆಗುತ್ತೆ. ಮತ್ತೆ ಚಕ್ರ ಓಡೋದು ಏರ್‌ಪೋರ್ಟಿನ ನುಣ್ಣನೆ ನೆಲದ ಮೇಲೆ, ನಿಮ್ಮ ತೋಟದ ಗೇಟಿಂದ ಮನೆವರೆಗಿನ ಕಲ್ಲು ರಸ್ತೇಲಿ ಅಲ್ಲ, ಕಾಜಿರಂಗದ ಲಾಡ್ಜಿನ ಅಂಗಳದಲ್ಲೂ ಅಲ್ಲ. ಎಳ್ಕೊಂಡು ಹೋದ್ರೆ ಪ್ರತಿ ಕಲ್ಲಿನ ಕುಲುಕಾಟ ನೇರ ಲೆನ್ಸಿಗೆ ಹೋಗುತ್ತೆ, ಬೆನ್ನಿಗೆ ಹಾಕಿದ್ರೆ ನಿಮ್ಮ ಮೈ ಅದನ್ನ ತಡ್ಕೊಳ್ಳುತ್ತೆ.

ಹಾಗಾಗಿ ಬೆನ್ನಿಗೆ ಹಾಕೋ ಬ್ಯಾಗೇ ತಗೊಳ್ಳಿ, ಖಾಲಿ ತೂಕ ಒಂದೂವರೆಯಿಂದ 1.8 ಕೆಜಿ ಒಳಗೆ ಇರ್ಲಿ. ಲ್ಯಾಪ್‌ಟಾಪನ್ನ ಇದ್ರಿಂದ ತೆಗೆದು ತೆಳ್ಳನೆ ಬೇರೆ ಚೀಲಕ್ಕೆ ಹಾಕಿ, ಯಾಕಂದ್ರೆ ಕೈಚೀಲದ ಜೊತೆಗೆ ಸಣ್ಣ ಲ್ಯಾಪ್‌ಟಾಪ್ ಬ್ಯಾಗೋ ಹೆಣ್ಮಕ್ಕಳ ಪರ್ಸೋ ಒಂದನ್ನ ಬಿಡೋ ಏರ್‌ಲೈನ್ಸ್ ಇದಾವೆ, ನಿಮ್ಮ ಟಿಕೆಟ್ಟಿನ ಷರತ್ತಲ್ಲಿ ಅದು ಇದೆಯಾ ಅಂತ ಓದಿ ನೋಡಿ. ಆಗ ದೊಡ್ಡ ಬ್ಯಾಗಲ್ಲಿ ಉಳಿಯೋದು 4.6 ಕೆಜಿ ಸಾಮಾನು, ಬ್ಯಾಗಿನ ತೂಕ ಸೇರಿದ್ರೂ ಆರೂಕಾಲು ಆರೂವರೆ. ಧೈರ್ಯವಾಗಿ ತಕ್ಕಡಿ ಮೇಲೆ ಇಡಬಹುದು. ಆ ಧೈರ್ಯಕ್ಕೇ ನಾನು ಇಷ್ಟು ಲೆಕ್ಕ ಹಾಕಿದ್ದು, ಕೌಂಟರಲ್ಲಿ ಹೆಚ್ಚು ತೂಕ ಬಂದು ಇದನ್ನ ಚೆಕ್-ಇನ್‌ಗೆ ಹಾಕಿ ಅಂದ್ರೆ ಮುಗೀತು. ಬ್ಯಾಗು ಎಷ್ಟು ದುಬಾರಿ ಆದ್ರೂ ನಿಮ್ಮ ಕೈಯಿಂದ ಹೋದ ಮೇಲೆ ಅದು ಬೇರೆ ಸೂಟ್‌ಕೇಸ್‌ಗಳ ಅಡಿಲಿ ಬೀಳೋ ಒಂದು ಬಟ್ಟೆ ಚೀಲ ಅಷ್ಟೆ. ಅದೂ ಅಲ್ದೆ ಕ್ಯಾಮರಾದಂಥ ಬೆಲೆಬಾಳೋ ವಸ್ತು ಚೆಕ್-ಇನ್‌ನಲ್ಲಿ ಹಾಳಾದ್ರೆ ನಾವು ಹೊಣೆ ಅಲ್ಲ ಅಂತ ಷರತ್ತುಗಳಲ್ಲಿ ಮೊದ್ಲೇ ಬರ್ದಿರ್ತಾರೆ.

ಅಳತೆ ವಿಷ್ಯ. ಹೊರಗಿನ ಅಳತೆ 55, 35, 25 ಸೆಂ.ಮೀ. ಒಳಗೆ ಇರ್ಬೇಕು, ಮೂರೂ ಕೂಡಿಸಿದ್ರೆ 115 ಆಗುತ್ತೆ, ಒಂದೊಂದು ಏರ್‌ಲೈನ್ಸಲ್ಲಿ ಇದು ಒಂಚೂರು ಬೇರೆ ಇರುತ್ತೆ. ಹೊರಗಿನ ಜೇಬಿಗೆ ನೀರಿನ ಬಾಟ್ಲಿ ತುರುಕಿದಾಗ ಉಬ್ಬೋದನ್ನೂ ಸೇರ್ಸಿ ಅಳೀರಿ. ಒಳಗಡೆ ನಿಮ್ಮ 200-500 ಲೆನ್ಸು ಮುಂದೆ ಸಿಕ್ಕಿಸೋ ನೆರಳಿನ ಹುಡ್ ಇಲ್ದೆ ಸುಮಾರು 27 ಸೆಂ.ಮೀ. ಉದ್ದ, 11 ಸೆಂ.ಮೀ. ದಪ್ಪ. ಅದಕ್ಕೆ ಕಾಲರ್ ಬಿಚ್ಚಿಟ್ಟು ಒಳಗಿನ ಆಳ 14 ಸೆಂ.ಮೀ. ಸಿಕ್ಕಿದ್ರೆ ಸಾಕು. ಲೆನ್ಸನ್ನ ಕ್ಯಾಮರಾಗೆ ಸಿಕ್ಕಿಸಿಯೇ ಇಡಬೇಡಿ, ಎರಡು ಕೆಜಿ ಲೆನ್ಸಿನ ಭಾರ ಪ್ರತಿ ಕುಲುಕಾಟದಲ್ಲೂ ಮೌಂಟಿನ ಮೇಲೆ, ಅಂದ್ರೆ ಲೆನ್ಸು ಕ್ಯಾಮರಾ ಸೇರೋ ಬಳೆ ಮೇಲೆ ಬೀಳುತ್ತೆ, ಬಿಚ್ಚಿ ಎರಡಕ್ಕೂ ಮುಚ್ಚಳ ಹಾಕಿ ಬೇರೆ ಬೇರೆ ಖಾನೆಲಿ ಇಡಿ. ಅಂಗಡಿಗೆ ಹೋಗುವಾಗ ಲೆನ್ಸನ್ನ ಜೊತೆಗೇ ತಗೊಂಡು ಹೋಗಿ ಹಾಕಿ ನೋಡಿ, ಅಂಗಡಿಯವ್ರು ಬೇಜಾರು ಮಾಡ್ಕೊಳ್ಳಲ್ಲ.

ಬ್ಯಾಗಿನ ಬಾಯಿ ಬೆನ್ನಿನ ಕಡೆಯಿಂದ ತೆರೆಯೋ ಥರದ್ದು ಹುಡುಕಿ. ಮುಂದಿಂದ ತೆರೆಯೋ ಬ್ಯಾಗನ್ನ ಬಿಚ್ಚಬೇಕಂದ್ರೆ ಬೆನ್ನಿನ ಪಟ್ಟಿಗಳು ನೆಲಕ್ಕೆ ತಾಗ್ತವೆ, ನಮ್ಮೂರ ಮಳೇಲಿ ಆ ಕೆಸರು ಜಿಗಣೆ ಎಲ್ಲ ಆಮೇಲೆ ನಿಮ್ಮ ಅಂಗಿ ಮೇಲೇ ಬರೋದು. ಸೆಕ್ಯೂರಿಟಿಲಿ ಕ್ಯಾಮರಾ ಹೊರಗೆ ತೆಗೆದು ಟ್ರೇಲಿ ಇಡಿ ಅನ್ನೋದು ಸಾಮಾನ್ಯ, ಆಗ್ಲೂ ಒಂದೇ ಜಿಪ್‌ನಲ್ಲಿ ಪೂರ್ತಿ ತೆರೆದುಕೊಳ್ಳೋ ಬ್ಯಾಗಿದ್ರೆ ಹಿಂದಿನವ್ರು ಕಾಯೋ ಹಾಗೆ ಆಗಲ್ಲ. ನೋಡಿದ್ರೆ ಕ್ಯಾಮರಾ ಬ್ಯಾಗು ಅಂತ ಗೊತ್ತಾಗ್ದೆ ಇರೋ ಸಾದಾ ಬ್ಯಾಗೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಟ್ರೈಪಾಡ್ ಚೆಕ್-ಇನ್ ಸೂಟ್‌ಕೇಸಲ್ಲಿ ಹೋಗ್ಲಿ, ಕ್ಯಾಮರಾ ಕೂರಿಸೋ ಮೇಲಿನ ಬಾಲ್ ಹೆಡ್ ಬಿಚ್ಚಿ ಸ್ವೆಟರಲ್ಲಿ ಸುತ್ತಿ ಬಟ್ಟೆ ಮಧ್ಯ ಇಡಿ, ಅದರ ಅಲನ್ ಕೀ, ಚಾಕು ಇರೋ ಟೂಲ್ ಯಾವ್ದೂ ಕೈಚೀಲದಲ್ಲಿ ಉಳೀದಂಗೆ ನೋಡ್ಕೊಳ್ಳಿ. ನಿಜ ಹೇಳ್ಬೇಕಂದ್ರೆ ಕಾಜಿರಂಗದ ಜೀಪ್ ಸಫಾರಿಗೆ ಟ್ರೈಪಾಡಿಗಿಂತ ಬೀನ್ ಬ್ಯಾಗೇ ಉಪಯೋಗ. ಖಾಲಿ ಚೀಲ ಮಡಚಿ ತಗೊಂಡು ಹೋಗಿ, ಅಲ್ಲಿ ಇಳಿದ ಮೇಲೆ ಎರಡು ಮೂರು ಕೆಜಿ ಅಕ್ಕಿ ಕೊಂಡು ತುಂಬಿಸಿ, ಹೊರಡೋ ದಿನ ಆ ಅಕ್ಕೀನ ಲಾಡ್ಜಿನ ಅಡುಗೆಮನೆಗೆ ಕೊಟ್ಟುಬಿಡಿ. ಜೀಪಿನ ಕಂಬಿ ಮೇಲೆ ಅದನ್ನಿಟ್ಟು ಲೆನ್ಸ್ ಒರಗಿಸಿದ್ರೆ ಅಲ್ಲಾಡಲ್ಲ.

ಇನ್ನೊಂದು ಮಾತು, ಗುವಾಹಟಿಯಿಂದ ಮುಂದೆ ಜೋರ್ಹಾಟ್‌ಗೆ ಇನ್ನೊಂದು ವಿಮಾನ ಹಿಡಿಯೋ ಯೋಚನೆ ಇದ್ರೆ ಅದು ಯಾವ ವಿಮಾನ ಅಂತ ಟಿಕೆಟ್ ಮಾಡುವಾಗ್ಲೇ ನೋಡಿ. ಪಂಕ ಇರೋ ಚಿಕ್ಕ ವಿಮಾನ ಆಗಿದ್ರೆ ನಾನಾದ್ರೆ ಗುವಾಹಟಿಲೇ ಇಳಿದು ಕಾರಲ್ಲಿ ಹೋಗ್ತೀನಿ, ನಾಲ್ಕೈದು ಗಂಟೆ ದಾರಿ. ಯಾಕೆ ಅನ್ನೋದು ಕೆಳಗಿನ ಉತ್ತರದಲ್ಲಿದೆ.

ಪ್ರಶ್ನೆ: ನಾನು ಕುಶಾಲನಗರದಲ್ಲಿ ಮದುವೆ ಫೋಟೋಗ್ರಾಫರ್ ಸಾರ್. ಮೈಸೂರಿಂದ ಹೈದರಾಬಾದ್‌ಗೆ ಆರ್ಡರಿಗೆ ಹೋದಾಗ ವಿಮಾನದ ಬಾಗ್ಲಲ್ಲೇ ಬ್ಯಾಗ್ ತಗೊಂಡು ಕೆಳಗೆ ಹಾಕಿಬಿಟ್ರು. ತೂಕ ಸರಿಯಾಗೇ ಇತ್ತು, ಅಳತೆನೂ ಸರಿ ಇತ್ತು. ಹೀಗೆ ಮಾಡಬಹುದಾ?

ಉತ್ತರ: ಮಾಡ್ತಾರೆ, ಅದರಲ್ಲಿ ಅವರ ತಪ್ಪೂ ಜಾಸ್ತಿ ಇಲ್ಲ. ಮೈಸೂರು ಮಂಡಕಳ್ಳಿ ರನ್‌ವೇ 1740 ಮೀಟರ್ ಅಷ್ಟೆ, ಅದಕ್ಕೇ ಅಲ್ಲಿಂದ ಎಟಿಆರ್ ಥರದ ಪಂಕದ ವಿಮಾನಗಳು ಹಾರೋದು. ಅದರ ತಲೆ ಮೇಲಿನ ಲಾಕರ್ ದೊಡ್ಡ ವಿಮಾನದ್ದಕ್ಕಿಂತ ತುಂಬ ಚಿಕ್ಕದು, 25 ಸೆಂ.ಮೀ. ದಪ್ಪದ ಬ್ಯಾಗು ಅದರೊಳಗೆ ಹೋಗೋದು ಕಷ್ಟ.

ನನ್ನ ಕಥೆ ಹೇಳ್ತೀನಿ. ಕೆಲವು ವರ್ಷದ ಹಿಂದೆ ಬೇರೆ ರಾಜ್ಯದಲ್ಲಿ ಇಂಥದ್ದೇ ಚಿಕ್ಕ ವಿಮಾನ, ಮೆಟ್ಟಿಲ ಹತ್ರ ನಿಲ್ಲಿಸಿ ಬ್ಯಾಗಿಗೆ ಚೀಟಿ ಕಟ್ಟಿದ್ರು, ಹಿಂದೆ ಜನ ನಿಂತಿದ್ರು, ಮಳೆ ಬೇರೆ ಹನೀತಿತ್ತು, ನಾನು ಗಡಿಬಿಡೀಲಿ ಕೊಟ್ಟುಬಿಟ್ಟೆ. ಇಳಿದ ಮೇಲೆ ನೋಡಿದ್ರೆ 70-200 ಲೆನ್ಸಿನ ಮೌಂಟು ಬಗ್ಗಿತ್ತು. ಮಾರನೇ ದಿನ ಮದುವೆ. ಹುಡುಗಿ ಕಡೆಯವ್ರು ನನ್ನ ನಂಬಿ ಅಷ್ಟು ದೂರ ಕರ್ಸಿದ್ರು, ದೂರದಿಂದ ತೆಗೀಬೇಕಾದ ಎಷ್ಟೋ ಫೋಟೋ ನಾನು ತೆಗೆಯೋಕೆ ಆಗ್ಲಿಲ್ಲ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ಅವತ್ತಿಂದ ನಾನು ಮಾಡೋದು ಇಷ್ಟು: ಬ್ಯಾಗೊಳಗೆ ಖಾನೆಗಳಿರೋ ಮೆತ್ತನೆ ಇನ್ಸರ್ಟ್ ಒಂದು ಪ್ರತ್ಯೇಕ ಇರುತ್ತೆ, ಹಿಡಿಕೆ ಇರೋದು, ಊಟದ ಡಬ್ಬಿ ಚೀಲದ ಥರ ಎತ್ತಿ ಹೊರಗೆ ತೆಗೀಬಹುದು. ಬಾಗ್ಲಲ್ಲಿ ಬ್ಯಾಗ್ ಕೊಡಿ ಅಂದ್ರೆ ಅದನ್ನ ಎತ್ತಿ ಕೈಲಿ ಹಿಡ್ಕೊಂಡು ಖಾಲಿ ಬ್ಯಾಗು ಕೊಡ್ತೀನಿ. ಒಂದು ಕ್ಯಾಮರಾ ಬಾಡಿ ಕುತ್ತಿಗೇಲಿ, ಉಳಿದಿದ್ದು ಇನ್ಸರ್ಟಲ್ಲಿ, ಅದು ಮುಂದಿನ ಸೀಟಿನ ಅಡಿಗೆ ಹೋಗುತ್ತೆ. ಇದನ್ನ ಶಾಂತವಾಗಿ ಕೇಳ್ಕೊಂಡ್ರೆ ಇಲ್ಲ ಅಂದವ್ರು ನನಗೆ ಸಿಕ್ಕಿಲ್ಲ, ಜಗಳ ಆಡಿದ್ರೆ ಮಾತ್ರ ಯಾರೂ ಬಿಡಲ್ಲ.

ಇನ್ನೊಂದು ಕಾರಣಕ್ಕೂ ಆ ಬ್ಯಾಗಿಂದ ಸಾಮಾನು ತೆಗೀಲೇಬೇಕು. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಯಾವ್ದೂ ವಿಮಾನದ ಹೊಟ್ಟೆಗೆ ಹೋಗೋ ಹಾಗಿಲ್ಲ, ಬಾಗ್ಲಲ್ಲಿ ಕೊಟ್ಟ ಬ್ಯಾಗಿಗೂ ಇದೇ ನಿಯಮ. ಅಲ್ಲಿ ಬೆಂಕಿ ಹತ್ತಿದ್ರೆ ಕೈಯಿಂದ ಆರಿಸೋಕೆ ಯಾರೂ ಇರಲ್ಲ, ಕ್ಯಾಬಿನ್‌ನಲ್ಲಾದ್ರೆ ಸಿಬ್ಬಂದಿ ಇರ್ತಾರೆ. ಬ್ಯಾಟರೀಲಿ ಎಷ್ಟು ಶಕ್ತಿ ತುಂಬಿದೆ ಅನ್ನೋದನ್ನ ವಾಟ್ ಅವರ್‌ನಲ್ಲಿ ಅಳೀತಾರೆ, 100 ವಾಟ್ ಅವರ್ ಒಳಗಿನದಕ್ಕೆ ಅನುಮತಿ ಕೇಳೋದು ಬೇಡ, 100ರಿಂದ 160ರವರೆಗೆ ಏರ್‌ಲೈನ್ಸ್ ಒಪ್ಪಿಗೆ ಬೇಕು, ಅದೂ ಎರಡೇ, ಅದಕ್ಕಿಂತ ದೊಡ್ಡದು ಇಲ್ಲವೇ ಇಲ್ಲ. ಲೆಕ್ಕ ಸುಲಭ, ವೋಲ್ಟನ್ನ ಆಂಪಿಯರ್ ಅವರ್‌ನಿಂದ ಗುಣಿಸಿ. 7 ವೋಲ್ಟಿನ 1900 ಎಂಎಎಚ್ ಕ್ಯಾಮರಾ ಬ್ಯಾಟರಿ 13.3 ವಾಟ್ ಅವರ್ ಅಷ್ಟೆ, 20000 ಎಂಎಎಚ್ ಪವರ್ ಬ್ಯಾಂಕು 3.7 ವೋಲ್ಟಿಗೆ 74 ಬರುತ್ತೆ. ಮದುವೆ ವಿಡಿಯೋದವ್ರ ದೊಡ್ಡ ವಿ-ಮೌಂಟ್ ಬ್ಯಾಟರಿ ಇದ್ರೆ ಮೇಲೆ ಬರೆದಿರೋ ಅಂಕಿ ಓದದೆ ಹೊರಡಬೇಡಿ. ಬಿಡಿ ಬ್ಯಾಟರಿಗಳ ತುದಿಗೆ ಮುಚ್ಚಳ ಹಾಕಿ, ಇಲ್ಲಾಂದ್ರೆ ಟೇಪ್ ಅಂಟಿಸಿ.

ಪ್ರಶ್ನೆ: ಮಡಿಕೇರಿಯಲ್ಲಿ ಡಿಗ್ರಿ ಓದ್ತಿದೀನಿ, ಅಜ್ಜನ ಹಳೇ ಫಿಲಂ ಕ್ಯಾಮರಾ ಸರಿ ಮಾಡ್ಸಿದೀನಿ. ಎಕ್ಸ್‌ರೇಲಿ ರೋಲು ಹಾಳಾಗುತ್ತಾ?

ಉತ್ತರ: ಅಜ್ಜನ ಕ್ಯಾಮರಾ ಮತ್ತೆ ಓಡ್ತಿದೆ ಅಂತ ಕೇಳಿ ಖುಷಿ ಆಯ್ತು ಕಣಪ್ಪ. ರೋಲನ್ನ ಚೆಕ್-ಇನ್ ಲಗೇಜಲ್ಲಿ ಯಾವತ್ತೂ ಹಾಕ್ಬೇಡ, ಅಲ್ಲಿನ ಮಿಷನ್ನು ತುಂಬ ಜೋರು. ಕೈಚೀಲದ ಹಳೇ ಥರದ ಎಕ್ಸ್‌ರೇಗೆ ಕಮ್ಮಿ ಐಎಸ್‌ಒ ರೋಲು (ಡಬ್ಬಿ ಮೇಲಿನ ಈ ಅಂಕಿ ಕಮ್ಮಿ ಇದ್ದಷ್ಟೂ ಬೆಳಕಿಗೆ ನಿಧಾನ) ಒಂದೆರಡು ಸಲ ತಡ್ಕೊಳ್ಳುತ್ತೆ, ಆದ್ರೆ ಈಗ ಬರ್ತಿರೋ ಸಿಟಿ ಸ್ಕ್ಯಾನರ್ ಥರದ ಮಿಷನ್ನಿಗೆ ಯಾವ ರೋಲೂ ಹಾಕಬಾರದು, ಮಂಜು ಕವಿದ ಹಾಗೆ ಆಗುತ್ತೆ. ರೋಲುಗಳನ್ನೆಲ್ಲ ಡಬ್ಬಿಯಿಂದ ತೆಗೆದು ಪಾರದರ್ಶಕ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೈಲಿ ಹಿಡ್ಕೊಂಡು, ಕೈಯಲ್ಲೇ ಚೆಕ್ ಮಾಡಿ ಸಾರ್ ಅಂತ ಕೇಳು. ಡಿಜಿಟಲ್ ಕಾರ್ಡಿಗೆ ಇದ್ರಿಂದ ಏನೂ ಆಗಲ್ಲ.

ಪ್ರಶ್ನೆ: ವಿರಾಜಪೇಟೆಯಿಂದ ಬರೀತಿದೀನಿ ಅಣ್ಣ. ಮಗಳು ಬಾಣಂತಿ, ದುಬೈನಲ್ಲಿದ್ದಾಳೆ. ಕಣ್ಣೂರಿಂದ ಹೋಗ್ತಿದೀನಿ. ಮೊಮ್ಮಗುವಿನ ಫೋಟೋ ತೆಗೆಯೋಕೆ ಅಂತ ಚಿಕ್ಕ ಮಿರರ್‌ಲೆಸ್ ಕ್ಯಾಮರಾ, ಎರಡು ಲೆನ್ಸ್ ಇದೆ. ಬೇರೆ ಬ್ಯಾಗ್ ಕೊಳ್ಳೋದು ಬೇಡ ಅನ್ಸುತ್ತೆ, ಕೈಚೀಲದಲ್ಲೇ ಕಾಫಿಪುಡಿ, ಅಡುಗೆಗೆ ಹಾಕೋ ಹುಳಿ ರಸ ಕಾಚಂಪುಳಿ ಜೊತೆ ಇಟ್ರೆ ಆಗಲ್ವಾ?

ಉತ್ತರ: ಅಕ್ಕ, ಬ್ಯಾಗು ಕೊಳ್ಳೋದು ಬೇಡ ಅನ್ನೋದು ಸರಿ, ಕಾಚಂಪುಳಿ ಜೊತೆ ಅನ್ನೋದು ಮಾತ್ರ ಖಂಡಿತ ಬೇಡ! ಹೊರದೇಶದ ವಿಮಾನದಲ್ಲಿ ಕೈಚೀಲದೊಳಗೆ 100 ಎಂಎಲ್‌ಗಿಂತ ದೊಡ್ಡ ಬಾಟ್ಲಿ ಯಾವ ದ್ರವದ್ದೂ ಬಿಡಲ್ಲ, ಮಗಳಿಗೆ ಅಂತ ತಗೊಂಡು ಹೋದದ್ದು ಸೆಕ್ಯೂರಿಟೀಲೇ ಉಳಿಯುತ್ತೆ. ಚಿಕ್ಕ ಬಾಟ್ಲಿ ಆದ್ರೂ ಅಷ್ಟು ಹುಳಿ ಇರೋದು ಒಂದು ಹನಿ ಸೋರಿ ಲೆನ್ಸಿನ ಒಳಗೆ ಹೋದ್ರೆ ರಿಪೇರಿ ಕಷ್ಟ. ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಕವರಲ್ಲಿ ಕಟ್ಟಿ, ಚೆಕ್-ಇನ್ ಸೂಟ್‌ಕೇಸಲ್ಲಿ ಹಳೇ ಟವಲ್ ಮಧ್ಯ ಇಡಿ, ಕಾಫಿಪುಡಿನೂ ಅಲ್ಲೇ ಇರ್ಲಿ.

ಕ್ಯಾಮರಾಗೆ ಮನೇಲಿರೋ ಗಟ್ಟಿ ಕೈಚೀಲ ಸಾಕು, ಒಳಗೆ ಫೋಮಿನ ಒಂದು ಖಾನೆ ಬೇಕು ಅಷ್ಟೆ. ಜೀಪಿನ ಸೀಟು ಹೊಲಿಯೋ ಕುಶನ್ ಅಂಗಡಿ ಇರುತ್ತಲ್ಲ, ಅಲ್ಲಿ ಅಳತೆ ಕೊಟ್ರೆ ಮಾಡಿಕೊಡ್ತಾರೆ. ಒಂದೇ ಹೇಳಿ, ದಿಂಬಿಗೆ ಹಾಕೋ ಮೆತ್ತನೆ ಸ್ಪಂಜು ಬೇಡ, ಅದು ನೀರು ಕುಡಿಯುತ್ತೆ, ಯೋಗ ಮ್ಯಾಟ್ ಥರ ನೀರು ಹೀರದ ಫೋಮ್ ಹಾಕಿ ಮೇಲೆ ಮೆತ್ತನೆ ಬಟ್ಟೆ ಹೊಲೀರಿ ಅಂತ. ವಿರಾಜಪೇಟೆಯಿಂದ ಕಣ್ಣೂರು ಏರ್‌ಪೋರ್ಟ್ ಇರೋ ಮಟ್ಟನ್ನೂರಿಗೆ ಮಾಕುಟ್ಟದ ತಿರುವುಗಳಲ್ಲಿ ಇಳೀಬೇಕಲ್ಲ, ಬ್ಯಾಗನ್ನ ಕಾರಿನ ಡಿಕ್ಕೀಲಿ ಸೂಟ್‌ಕೇಸ್ ಪಕ್ಕ ಹಾಕ್ಬೇಡಿ, ಕಾಲ ಹತ್ರ ಇಟ್ಕೊಳ್ಳಿ.

ಕ್ಯಾಮರಾದ ಬಿಲ್ಲು ಜೊತೇಲಿ ಇರ್ಲಿ. ಹೋಗುವಾಗ್ಲೇ ಏರ್‌ಪೋರ್ಟಿನ ಕಸ್ಟಮ್ಸ್‌ನವ್ರ ಹತ್ರ ಕ್ಯಾಮರಾ ಲೆನ್ಸು ತೋರ್ಸಿ, ಅದರ ನಂಬರ್ ಬರೆಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ತಗೊಂಡ್ರೆ ವಾಪಸ್ ಬರುವಾಗ ಇದನ್ನ ಅಲ್ಲಿ ಕೊಂಡ್ರಾ, ಸುಂಕ ಕಟ್ಟಿ ಅಂತ ಯಾರೂ ಕೇಳೋ ಹಾಗಿರಲ್ಲ. ಅರ್ಧ ಗಂಟೆ ಮುಂಚೆ ಹೋಗಿ ಅಷ್ಟೆ. ಮೊಮ್ಮಗುವಿಗೆ ನನ್ನ ಆಶೀರ್ವಾದ ತಿಳಿಸಿ.

ಪ್ರಶ್ನೆ: ಸೋಮವಾರಪೇಟೆ ಕಡೆಯವ್ನು. ಪ್ರಯಾಣ ಮುಗಿದ ಮೇಲೆ ಕ್ಯಾಮರಾನ ಅದೇ ಬ್ಯಾಗಲ್ಲಿ ಬೀರುಲಿ ಇಡ್ತೀನಿ, ಬ್ಯಾಗು ಒಳ್ಳೆ ಕಂಪನಿದು. ಆದ್ರೂ ಎರಡು ಲೆನ್ಸಿಗೆ ಫಂಗಸ್ ಬಂತು. ಬ್ಯಾಗ್ ಬದಲಾಯಿಸ್ಬೇಕಾ?

ಉತ್ತರ: ಬ್ಯಾಗಿನ ತಪ್ಪಲ್ಲ, ಅದನ್ನ ಬೀರು ಥರ ಬಳಸಿದ್ದು ತಪ್ಪು. ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್‌ವರೆಗೆ ಬೆಲ್ಟು ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ, ಫೋಮು ಬಟ್ಟೆ ತುಂಬಿರೋ ಕತ್ತಲೆ ಬ್ಯಾಗು ಒಮ್ಮೆ ತೇವ ಹಿಡಿದ್ರೆ ವಾರಗಟ್ಟಲೆ ಬಿಡಲ್ಲ, ಫಂಗಸ್‌ಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಬ್ಯಾಗು ಪ್ರಯಾಣಕ್ಕೆ ಮಾತ್ರ. ಮನೆಗೆ ಬಂದ ದಿನವೇ ಎಲ್ಲ ಹೊರಗೆ ತೆಗೆದು, ಒರೆಸಿ, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಲಿ ಸಿಲಿಕಾ ಜೆಲ್ ಜೊತೆ ಇಡಿ, ಒಳಗೆ ತೇವ ತೋರ್ಸೋ ಚಿಕ್ಕ ಮೀಟರ್ ಹಾಕಿ, ಅದು ಶೇಕಡಾ 40-50 ತೋರಿಸ್ತಾ ಇರ್ಬೇಕು. ಬಣ್ಣ ಬದಲಾದ ಜೆಲ್ಲನ್ನ ಸಣ್ಣ ಉರಿಲಿ ಹುರಿದ್ರೆ ಮತ್ತೆ ಬರುತ್ತೆ, ಆ ಬಾಣಲೆ ಅಡುಗೆಗೆ ಬಳಸಬೇಡಿ. ದುಡ್ಡಿದ್ರೆ ಕರೆಂಟಲ್ಲಿ ಒಳಗಿನ ತೇವ ತಾನೇ ತೆಗೆಯೋ ಪೆಟ್ಟಿಗೆ, ಡ್ರೈ ಕ್ಯಾಬಿನೆಟ್ ತಗೊಳ್ಳಿ, ಕೊಡಗಲ್ಲಿ ಇರೋರಿಗೆ ಹೊಸ ಲೆನ್ಸಿಗಿಂತ ಮೊದ್ಲು ಕೊಳ್ಳಬೇಕಾದ ವಸ್ತು ಅದು ಅಂತ ನಾನು ಎಲ್ಲರಿಗೂ ಹೇಳ್ತೀನಿ.

ವಿಮಾನದಿಂದ ಬಂದಾಗ ಇನ್ನೊಂದು ತೊಂದರೆ ಇದೆ. ತಣ್ಣಗಿನ ಕ್ಯಾಬಿನ್‌ನಿಂದ ಮಂಗಳೂರಿನ ಬಜ್ಪೆಲೋ ಕಣ್ಣೂರಲ್ಲೋ ಇಳಿದು ಆ ಸೆಕೆಲಿ ಕೂಡ್ಲೆ ಕ್ಯಾಮರಾ ತೆಗೆದ್ರೆ ಗಾಜಿನ ಮೇಲೆ ಹನಿ ಕೂರುತ್ತೆ, ಒಳಗೂ ಕೂರಬಹುದು. ಬ್ಯಾಗಿನ ಜಿಪ್ಪು ಮುಚ್ಚಿಯೇ ಇಟ್ಟು ಮನೆವರೆಗೆ ತನ್ನಿ, ಅಷ್ಟೊತ್ತಿಗೆ ಒಳಗಿನ ಬಿಸಿ ಹೊರಗಿನದಕ್ಕೆ ಸಮ ಆಗಿರುತ್ತೆ. ಫಂಗಸ್ ಬಂದ ಆ ಎರಡು ಲೆನ್ಸುಗಳನ್ನ ಉಳಿದವುಗಳ ಜೊತೆ ಒಂದೇ ಡಬ್ಬಿಲಿ ಇಡದೆ ಬೇರೆ ಇಡಿ, ಮಳೆಗಾಲಕ್ಕೆ ಮುಂಚೆ ಸರ್ವೀಸಿಗೆ ಕೊಡಿ, ತಡ ಆದಷ್ಟೂ ಅದು ಗಾಜಿನ ಮೇಲಿನ ಕೋಟಿಂಗನ್ನ ತಿನ್ನುತ್ತೆ. ಬ್ಯಾಗನ್ನ ಖಾನೆಗಳನ್ನೆಲ್ಲ ಕಿತ್ತು ಒಂದು ದಿನ ಪೂರ್ತಿ ಬಿಸಿಲಿಗೆ ಬಾಯಿ ತೆರೆದು ಹಾಕಿ.